ಬ್ಯಾಂಡಿನ ಬದುಕಿಗೆ ಗೀಟು ಎಳೆಯುವುದು ಹೇಗೆ?

ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಗಾಯನವನ್ನು ಕ್ಷಯಕ್ಕೆ ಮುಂಚಿನದು, ಕ್ಷಯದಿಂದ ಎದ್ದ ಮೇಲಿನದು ಎಂದು ಬೆಳಗಾವಿಯ ಕೇಳುಗರು ಸಲೀಸಾಗಿ ಬೇರೆ ಮಾಡುತ್ತಾರೆ. ನಾಲ್ಕೈದು ಜನ ಕೂಡಿ, ಜಗಳವಾಡಿ, ಅಗಲಿ ದಶಕಗಳ ಕಾಲ ನುಡಿಸಿದ ರಾಕ್ ಬ್ಯಾಂಡನ್ನು ಹೀಗೆ ಘಟ್ಟಗಳಾಗಿ ವಿಂಗಡಿಸಲು ಹೆಚ್ಚು ತಾಳ್ಮೆ ಬೇಕು. 1965ರಲ್ಲಿ ಲಂಡನ್ನಿನಲ್ಲಿ ಶುರುವಾದ ಪಿಂಕ್ ಫ್ಲಾಯ್ಡ್ ಬ್ಯಾಂಡನ್ನೇ ತೆಗೆದುಕೊಳ್ಳೋಣ. ಟಿಳಕವಾಡಿಯ ನನ್ನ ಕೋಣೆಯಲ್ಲಿ ಕ್ಯಾಸೆಟ್ ಕಾಲದಿಂದಲೂ ಅದು ಮೊಳಗುತ್ತಿದೆ.

ಮೊದಲು ನೋಟುಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಆಲ್ಬಂ ರೆಕಾರ್ಡ್ ಆದ ವರ್ಷ, ನುಡಿಸಿದವರು, ಹಾಡು ಬರೆದವರು. ಬಿಡುಗಡೆಯ ವರ್ಷವನ್ನು ನೆಚ್ಚಬೇಡಿ. 2014ರಲ್ಲಿ ಬಂದ ಕೊನೆಯ ಆಲ್ಬಂನ ಬಹುಪಾಲು 1993–94ರ ರೆಕಾರ್ಡಿಂಗ್‌ಗಳಿಂದ ಕಟ್ಟಿದ್ದು. 2008ರಲ್ಲೇ ತೀರಿಕೊಂಡ ರಿಚರ್ಡ್ ರೈಟ್ ಅದರಲ್ಲಿ ಕೀಬೋರ್ಡ್ ನುಡಿಸಿದ್ದಾರೆ.

ಆಮೇಲೆ ಮೂರನೆಯ ಕಾಲಂ ಓದುತ್ತ ಹೋಗಿ. ಹೆಸರು ಬದಲಾದಲ್ಲಿ ಪೆನ್ಸಿಲ್‌ನಿಂದ ಗೀಟು ಎಳೆಯಿರಿ. 1967ರ ಮೊದಲ ಆಲ್ಬಂ ತುಂಬ ಆಗಿನ ಗಾಯಕ, ಗಿಟಾರ್ ವಾದಕ ಸಿಡ್ ಬ್ಯಾರೆಟ್. ಮರುವರ್ಷದ ಆಲ್ಬಂನಲ್ಲಿ ಅವರು ಬರೆದದ್ದು ಒಂದೇ ಹಾಡು, ಅದೂ ಕೊನೆಯದು. ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಆಗಲೇ ಸೇರಿದ್ದರು. ಬ್ಯಾರೆಟ್, ಗಿಲ್ಮೋರ್, ರೈಟ್, ಬಾಸ್ ಗಿಟಾರಿನ ರೋಜರ್ ವಾಟರ್ಸ್, ಡ್ರಮ್ಸ್‌ನ ನಿಕ್ ಮೇಸನ್, ಹೀಗೆ ಐವರೂ ನುಡಿಸಿದ ಆ ಒಂದೇ ಆಲ್ಬಂ ಗಡಿಯ ಮೇಲೆಯೇ ಇರಲಿ, ಯಾವ ಕಡೆಗೂ ತಳ್ಳಬೇಡಿ. 1973ರ ಆಲ್ಬಂನ ಸಾಹಿತ್ಯವೆಲ್ಲ ವಾಟರ್ಸ್ ಅವರದು. 1983ರ ಹೊತ್ತಿಗೆ ಸಂಗೀತವೂ ಅವರದೇ. 1985ರಲ್ಲಿ ಅವರು ಹೊರನಡೆದರು, 1987ರ ಆಲ್ಬಂ ಗಿಲ್ಮೋರ್ ಮುಂದಾಳತ್ವದಲ್ಲಿ ಬಂತು.

ಇನ್ನು ಪುಸ್ತಕ ಮುಚ್ಚಿ, ಎಲ್ಲವನ್ನೂ ಅನುಕ್ರಮವಾಗಿ ಕೇಳಿ. ಹಲವರು 1973ಕ್ಕೆ ಹೊಸ ಘಟ್ಟ ಶುರುಮಾಡುತ್ತಾರೆ. ನಾನು ಒಪ್ಪುವುದಿಲ್ಲ. 1971ರ ಆಲ್ಬಂನ ಒಂದು ಇಡೀ ಬದಿಯನ್ನು ತುಂಬುವ 'ಎಕೋಸ್' ಹಾಕಿ. ರೈಟ್ ಅವರ ಪಿಯಾನೋದ ಒಂದೇ ಸ್ವರ, ಆಳದ ಬಾವಿಗೆ ಬಿದ್ದ ಹನಿಯಂತೆ, ಟಿಣ್ ಎನ್ನುತ್ತದೆ. ತುಸು ಬಿಟ್ಟು ಮತ್ತೆ ಟಿಣ್. ಆಮೇಲೆ ಗಿಟಾರ್ ಮೆಲ್ಲಗೆ ಒಳಬರುತ್ತದೆ, ಗಿಲ್ಮೋರ್ ಮತ್ತು ರೈಟ್ ದನಿಗೆ ದನಿ ಕೂಡಿಸುತ್ತಾರೆ. ಬ್ಯಾರೆಟ್ ಹೋದ ಮೇಲೆ ಉಳಿದ ನಾಲ್ವರೂ ಸೇರಿ ಬರೆದ, ಸುಮಾರು 23 ನಿಮಿಷದ ಈ ಹಾಡಿನಲ್ಲಿ ಯಾರೂ ಯಾರನ್ನೂ ಮೀರುವುದಿಲ್ಲ. ಆಷಾಢದ ಮಳೆ ಹಿಡಿದ ಒಂದು ಭಾನುವಾರ ಇದನ್ನು ಎರಡು ಸಲ ಕೇಳಿ, ಗೀಟನ್ನು ಅಳಿಸಿ ಎರಡು ವರ್ಷ ಹಿಂದಕ್ಕೆ ಎಳೆದೆ.

ಕೊನೆಗೆ ಹೆಸರಿಡಿ. ಎಪ್ಪತ್ತರ ದಶಕ, ಎಂಬತ್ತರ ದಶಕ ಎಂದರೆ ಏನೂ ತಿಳಿಯುವುದಿಲ್ಲ. ನನ್ನ ಪುಟದಲ್ಲಿ ಬ್ಯಾರೆಟ್ ಕಾಲ, ತಡಕಾಟದ ಕಾಲ, ನಾಲ್ವರ ಕಾಲ, ವಾಟರ್ಸ್ ಕಾಲ, ಗಿಲ್ಮೋರ್ ಕಾಲ ಎಂದಿದೆ. 1977ರ ಆಲ್ಬಂನ ಐದು ಹಾಡುಗಳಲ್ಲಿ ಗಿಲ್ಮೋರ್ ಪಾಲು ಒಂದರಲ್ಲಿ ಮಾತ್ರ. ಆದರೆ ಆ ಒಂದೇ ಹಾಡು ಹದಿನೇಳು ನಿಮಿಷದ್ದು. ಹಾಗಾಗಿ ವಾಟರ್ಸ್ ಕಾಲದ ಆರಂಭದ ಗೀಟು ಇನ್ನೂ ಪೆನ್ಸಿಲ್‌ನಲ್ಲೇ ಇದೆ.