ಹತ್ತು ನಿಮಿಷದಲ್ಲಿ ಹನ್ನೊಂದು ‘ಅದಿರಲಿ’

ಕೌನ್ಸೆಲಿಂಗ್ ಮಾಡುವವರು ತಮಗೆ ತಾವೇ ಕೌನ್ಸೆಲಿಂಗ್ ಮಾಡಿಕೊಳ್ಳೋಕಾಗಲ್ಲ ಅಂತ ನನಗೆ ಹೇಳದವರಿಲ್ಲ. “ತನ್ನ ಬೆನ್ನು ತನಗೆ ಕಾಣುತ್ತಾ ಸರ್?” ಅಂತ ಜೊತೆಗೆ ಕೆಲಸ ಮಾಡುವ ಮೇಡಂ ನಕ್ಕಿದ್ದರು. ಈಗ ಅವರೇ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಬಾಯಲ್ಲಿ ಹೇಳೋದಕ್ಕಿಂತ ಬರೆದುಬಿಡೋಣ ಅನಿಸಿತು.

ಹನ್ನೆರಡು ವರ್ಷದಿಂದ ಇದೇ ಕೆಲಸ, ದಿನಕ್ಕೆ ಐದಾರು ಸೆಷನ್. ಆ ಕುರ್ಚಿಯಲ್ಲಿ ಕೂತಾಗ ನನ್ನಷ್ಟು ಸಮಾಧಾನಿ ಬೇರೆ ಇಲ್ಲ. ಮನೆಗೆ ಹೋದರೆ ಬಾಗಿಲಲ್ಲಿ ಚಪ್ಪಲಿ ಅಡ್ಡ ಇದ್ದರೂ ರೇಗಾಟ. ನಿದ್ದೆ ನಾಲ್ಕು ಗಂಟೆ, ಅದೂ ತುಂಡು ತುಂಡು. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ಕ್ಲೈಂಟ್ ಹೀಗೆ ಹೇಳಿದ್ದರೆ ನಂಬುತ್ತಿದ್ದೆನಾ?

ಮೊದಲು ದುಡ್ಡು ಕಳೆದುಕೊಂಡ ಕತೆ. ಮನಶ್ಶಾಂತಿ ಅನ್ನೋ ಹೆಸರಿದ್ದ ಮೂರು ಕೋರ್ಸ್ ಮಾಡಿದೆ. ಒಟ್ಟು ನನ್ನ ನಾಲ್ಕು ತಿಂಗಳ ಸಂಪಾದನೆಯಷ್ಟು ಹೋಗಿರಬೇಕು, ಎರಡನೆಯದಕ್ಕೆ ಅರ್ಧ ಸಾಲ. ಅದರಲ್ಲಿ ಮೊದಲ ದಿನವೇ ಗೊತ್ತಾಯಿತು, ನಾನು ಟ್ರೈನಿಂಗ್‌ನಲ್ಲಿ ಬೇರೆಯವರಿಗೆ ಹೇಳಿಕೊಡುವುದನ್ನೇ ಅವರು ನನಗೆ ಹೇಳುತ್ತಿದ್ದಾರೆ ಅಂತ. ಫೀಸು ವಾಪಸ್ ಕೇಳಿದ್ದಕ್ಕೆ, “ನೋಡಿ, ನಿಮ್ಮಲ್ಲಿ ಹಣದ ಮೋಹ ಇನ್ನೂ ಹೋಗಿಲ್ಲ” ಅಂದರು. ಮೂರು ಸರ್ಟಿಫಿಕೇಟೂ ಬೀರುವಿನಲ್ಲಿವೆ.

ಆಮೇಲೆ ನಮ್ಮದೇ ಸಲಕರಣೆಗಳಿಗೆ ಕೈ ಹಾಕಿದೆ. ಮನೋವೈದ್ಯ ಆರನ್ ಬೆಕ್ ದಾರಿಯಲ್ಲಿ ಯೋಚನೆ, ಅದರ ಪರ ಸಾಕ್ಷಿ, ವಿರುದ್ಧ ಸಾಕ್ಷಿ ಅಂತ ಕಾಲಂ ಹಾಕಿ ಬರೆದೆ. ತಪ್ಪು ಅಂದರೆ, ವಕೀಲನೂ ನಾನೇ, ಜಡ್ಜೂ ನಾನೇ. ಅಣ್ಣನ ವಿರುದ್ಧ ಸಾಕ್ಷಿ ಮಾತ್ರ ಪುಟಗಟ್ಟಲೆ ಬೆಳೆಯಿತು. ತೀರ್ಪು ನನ್ನ ಪರ ಬಂತು, ನಿದ್ದೆ ಬರಲಿಲ್ಲ. ಸರಿ, ಯೋಚಿಸೋದೇ ಬೇಡ ಅಂತ ಬಿಟ್ಟೆ. 1987ರಲ್ಲಿ ಡೇನಿಯಲ್ ವೆಗ್ನರ್ ಮಾಡಿದ ಬಿಳಿ ಕರಡಿ ಪ್ರಯೋಗವನ್ನು ನೂರಾರು ಜನರಿಗೆ ವಿವರಿಸಿದವನು ನಾನು. ನೆನೆಯಬೇಡಿ ಅಂದಷ್ಟೂ ಕರಡಿ ಬರುತ್ತೆ. ನನ್ನ ಕರಡಿ ರಾತ್ರಿ ಎರಡೂವರೆಗೆ ಬರುತ್ತಿತ್ತು.

ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ರೀತಿಯ, ಮನಸ್ಸಿನ ನೋವನ್ನು ಬರೆದು ಹೊರಹಾಕುವ ಬರವಣಿಗೆಯನ್ನೂ ಶುರು ಮಾಡಿದೆ. ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ಬರೆಯಬೇಕು. ಬರೆದ ತಕ್ಷಣ ಮನಸ್ಸು ಇನ್ನಷ್ಟು ಭಾರ ಆಗೋದು ಮಾಮೂಲಿ, ಅದು ಗೊತ್ತಿದ್ದರೂ ಎರಡನೇ ದಿನಕ್ಕೇ ನಿಲ್ಲಿಸಿದೆ. ಇನ್ನೊಂದು ತೊಂದರೆ ಇತ್ತು. ಪೆನ್ನು ಹಿಡಿದರೆ ನನ್ನ ವಾಕ್ಯ ಜಾಸ್ತಿ ಚೆಂದ ಆಗಿಬಿಡುತ್ತೆ. ಯಾರೋ ಓದಲಿ ಅಂತ ಬರೆದ ಹಾಗಿತ್ತು. ಹಾಗಾಗಿ ಪೆನ್ನು ಬಿಟ್ಟು ಮೊಬೈಲ್ ತಗೊಂಡೆ.

ಹತ್ತು ನಿಮಿಷ ಸುಮ್ನೆ ಮಾತಾಡಿ ರೆಕಾರ್ಡ್ ಮಾಡೋದು. ಇಷ್ಟೇ ಮೊದಲ ಹೆಜ್ಜೆ. ಮೊದಲ ಸಲ ಅದೇ ಸಂಜೆ ಕೇಳಿಸಿಕೊಂಡೆ, ಬರೀ ಸಮರ್ಥನೆ ಮಾಡಿಕೊಳ್ಳುತ್ತಾ ಕೂತೆ. ಒಂದು ದಿನ ಬಿಟ್ಟು ಕೇಳಿದರೂ ಹಾಗೇ. ಮೂರನೇ ದಿನಕ್ಕೆ ದನಿ ಸ್ವಲ್ಪ ಬೇರೆಯವರದಾಯಿತು. ನೋಟ್‌ಬುಕ್ ಹಿಡಿದು ಸೆಷನ್ ಕೇಳುವ ಹಾಗೆ ಕೂತೆ.

ಆಗ ಸಿಕ್ಕಿತು. “ಅಣ್ಣ ಆಸ್ಪತ್ರೆಯಲ್ಲಿ ನನ್ನನ್ನ ಒಳಗೇ ಬಿಡಲಿಲ್ಲ... ಅದಿರಲಿ.” ಮತ್ತೆ ಎರಡು ವಾಕ್ಯ. “ಅಪ್ಪ ಕೊನೆಗೆ ನನ್ನ ಕೇಳಿದ್ರಂತೆ... ಅದಿರಲಿ ಬಿಡು.” ಗೀಟು ಎಳೆಯುತ್ತಾ ಹೋದೆ. ಹತ್ತು ನಿಮಿಷದಲ್ಲಿ ಹನ್ನೊಂದು ‘ಅದಿರಲಿ’. ಎದುರು ಕೂತವರು ಎರಡು ಸಲ ಹಾಗಂದರೆ ಸಾಕು, “ಸ್ವಲ್ಪ ಅಲ್ಲೇ ನಿಲ್ಲೋಣವಾ?” ಅಂತ ಕೇಳುತ್ತೇನೆ. ನನಗೆ ಮಾತ್ರ ಯಾರೂ ಕೇಳಿರಲಿಲ್ಲ. ಎದುರಿನವರನ್ನು ಇದ್ದ ಹಾಗೇ ಒಪ್ಪೋದು, ಅವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳೋದು, ನಾಟಕ ಆಡದಿರೋದು, ಹೀಗೆ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಷರತ್ತುಗಳು ಕೌನ್ಸೆಲಿಂಗ್ ಮಾಡುವ ನಮಗೆಲ್ಲ ಬಾಯಿಪಾಠ ಅಲ್ವಾ, ಅದರಲ್ಲಿ ಒಂದನ್ನೂ ನಾನು ನನ್ನ ಮೇಲೆ ಬಳಸಿರಲಿಲ್ಲ.

ಅಲ್ಲಿಂದ ವಿಧಾನ ಗಟ್ಟಿಯಾಯಿತು. ಪ್ರತಿ ‘ಅದಿರಲಿ’ಗೂ ಒಂದೇ ವಾಕ್ಯ ಬರೆಯೋದು, ಕ್ಲೈಂಟ್‌ಗೆ ಹೇಳುವ ಹಾಗೆ. “ಬಾಗಿಲ ಹೊರಗೆ ನಿಂತಾಗ ಈ ಮನೆಯವನೇ ಅಲ್ಲ ಅನಿಸಿತು ನಿಮಗೆ.” ಬಹುವಚನದಲ್ಲೇ. ನೀನು ಅಂತ ಬರೆದಾಗ ಮೂರನೇ ಸಾಲಿಗೆ ಬೈಗುಳ ಶುರುವಾಗುತ್ತಿತ್ತು. ಮೊದಲ ಒಂದು ವಾರ ಸಲಹೆ ಪೂರ್ತಿ ಬಂದ್. ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸ್‌ನ ‘ನಮ್ಮ ಕೈಯಲ್ಲಿರುವುದು, ಇಲ್ಲದಿರುವುದು’ ಲೆಕ್ಕ ನನಗೆ ಬಹಳ ಇಷ್ಟ. ಆದರೆ ಅದನ್ನು ಮೊದಲ ದಿನವೇ ನನಗೆ ನಾನು ಹೇಳಿಕೊಂಡಾಗ ಬಾಯಿ ಮುಚ್ಚಿಸಿದ ಹಾಗಾಯಿತು. ಎರಡನೇ ವಾರದಲ್ಲಿ ಅದೇ ಮಾತು ಒಳಗೆ ಇಳಿಯಿತು. ವಿವೇಕದ ಮಾತಿಗೂ ಹಸಿವಾಗುವ ತನಕ ಕಾಯಬೇಕು.

ಎರಡನೇ ವಾರ ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಅದು ಯಾವುದು ಅಂತ ಮೇಡಂಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ವಿಧಾನದ ಅರ್ಧ ಜೀವ ಅದರಲ್ಲಿದೆ.

ಮಧ್ಯೆ ಕೆಲವು ಹುಚ್ಚು ಪ್ರಯೋಗಗಳೂ ಆದವು. ರೆಕಾರ್ಡ್ ಮಾಡುವ ಮೊದಲು ನಿಮಿಷಕ್ಕೆ ಆರು ಉಸಿರಿನ ಅಭ್ಯಾಸ ಮಾಡಿ ನೋಡಿದೆ. ಮಾತು ಎಷ್ಟು ಶಾಂತವಾಗಿತ್ತು ಅಂದರೆ ಒಂದಕ್ಷರವೂ ನಿಜ ಇರಲಿಲ್ಲ. ಈಗ ಆ ಅಭ್ಯಾಸ ರೆಕಾರ್ಡಿಂಗ್ ಕೇಳುವ ಮೊದಲು ಮಾತ್ರ. ಮುಕ್ಕಾಲು ವೇಗದಲ್ಲಿ ಕೇಳಿದರೆ ದನಿಯ ನಡುಕ ಚೆನ್ನಾಗಿ ತಿಳಿಯುತ್ತೆ, ಆದರೆ ಕುಡಿದವನ ಹಾಗೆ ಕೇಳಿಸಿ ನಗು ಬರುತ್ತೆ. ಹೇಳಿದವರ ಮನಸ್ಸನ್ನೇ ಅವರಿಗೆ ತಿರುಗಿಸಿ ಹೇಳುವ ಈ ಪ್ರತಿಬಿಂಬಿಸುವ ಮಾತನ್ನು ಮಗನ ಮೇಲೂ ಬಳಸಿದೆ. “ಅಪ್ಪಾ, ಇದು ಆಫೀಸಲ್ಲ” ಅಂದ.

ಲೆಕ್ಕ ಹೇಳುವುದಾದರೆ, ಮೂರು ತಿಂಗಳಿಗೆ ನಿದ್ದೆ ಹೆಚ್ಚುಕಡಿಮೆ ಆರು ಗಂಟೆಗೆ ಬಂತು. ಮನೆಯಲ್ಲಿ ರೇಗಾಟ ವಾರಕ್ಕೆ ಹದಿನಾಲ್ಕು ಹದಿನೈದು ಇದ್ದದ್ದು ನಾಲ್ಕೈದಕ್ಕೆ. ಲೆಕ್ಕ ಇಟ್ಟವಳು ಹೆಂಡತಿ, ಹಾಗಾಗಿ ರಿಯಾಯಿತಿ ಇರಲಿಕ್ಕಿಲ್ಲ. ಖರ್ಚು ಸೊನ್ನೆ. ಸೂಪರ್‌ವೈಸರ್, ಅಂದರೆ ನಮ್ಮ ಕೌನ್ಸೆಲಿಂಗ್ ಕೆಲಸ ಕೇಳಿ ತಿದ್ದುವವರ ಹತ್ತಿರ ತಿಂಗಳಿಗೆ ಎರಡು ಸಲ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ಸಾಯುವ ಯೋಚನೆ ಬರುತ್ತಿರುವವರು ಇದನ್ನು ಒಬ್ಬರೇ ಕೂತು ಮಾಡುವುದು ಬೇಡವೇ ಬೇಡ, ಎದುರಿಗೆ ಇನ್ನೊಬ್ಬರು ಇರಲೇಬೇಕು.

ನಾಲ್ಕನೇ ತಿಂಗಳು ಅಣ್ಣನಿಗೆ ಫೋನ್ ಮಾಡಿದೆ.

“ಏನೋ?” ಅಂದ.

“ಅಪ್ಪನ ಆಸ್ಪತ್ರೆ ಓಡಾಟ ಎಲ್ಲ ನಿನ್ನೊಬ್ಬನ ತಲೆ ಮೇಲೆ ಬಿದ್ದಿತ್ತು, ಅಲ್ವಾ ಅಣ್ಣ?”

ಬಹಳ ಹೊತ್ತು ಏನೂ ಇಲ್ಲ. ಕಟ್ ಆಯ್ತೇನೋ ಅಂತ ಎರಡು ಸಲ ಸ್ಕ್ರೀನ್ ನೋಡಿದೆ. “ಈಗ ಕೇಳ್ತಿದೀಯ” ಅಂದ. ಆಮೇಲೆ ನಲವತ್ತು ನಿಮಿಷ ಅವನೇ ಮಾತಾಡಿದ. ಜಗಳ ಪೂರ್ತಿ ಮುಗಿದಿಲ್ಲ. ನನ್ನನ್ನು ಒಳಗೆ ಯಾಕೆ ಬಿಡಲಿಲ್ಲ ಅನ್ನೋದನ್ನ ಅವನು ಹೇಳಿಲ್ಲ, ನಾನು ಇನ್ನೂ ಕೇಳಿಲ್ಲ.

ಮೊನ್ನೆಯ ರೆಕಾರ್ಡಿಂಗ್‌ನಲ್ಲಿ ‘ಅದಿರಲಿ’ ಎರಡೇ ಇದ್ದವು. ಎರಡೂ ಆ ಕೋರ್ಸಿನ ಸಾಲದ ಬಗ್ಗೆ.