ಗೇಟಿಗೆ ಬರುವ ವಿಮಾನ: ನೆಲದ ಸಿಬ್ಬಂದಿ ಪಾಲಿಸಬೇಕಾದ ಕ್ರಮ

ವಿಮಾನ ಬರುವ ಮೊದಲೇ ಸ್ಟ್ಯಾಂಡ್, ಅಂದರೆ ಅದು ನಿಲ್ಲುವ ಜಾಗ, ಸಿದ್ಧವಾಗಿರಬೇಕು. ವಿಮಾನ ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ ಟ್ರಾಲಿ ಎಳೆಯಲು ಓಡುವುದನ್ನು ಸಿದ್ಧತೆ ಎನ್ನಲಾಗದು. ಮೊದಲು ಸ್ಟ್ಯಾಂಡಿನ ಉದ್ದಕ್ಕೂ ನಡೆದು, ಕಳಚಿ ಬಿದ್ದ ಬೋಲ್ಟು, ಸೂಟ್‌ಕೇಸಿನ ಮುರಿದ ಚಕ್ರ, ಪ್ಲಾಸ್ಟಿಕ್ ಹಾಳೆಯ ಚೂರು ಇಂಥವನ್ನೆಲ್ಲ ಹೆಕ್ಕಬೇಕು, ಏಕೆಂದರೆ ಇವು ಎಂಜಿನ್ನಿನೊಳಗೆ ಸೆಳೆಯಲ್ಪಟ್ಟರೆ ಅದರ ಅಲಗುಗಳಿಗೆ ಹಾನಿಯಾಗುತ್ತದೆ. ಎಲ್ಲ ವಾಹನಗಳೂ ಸಲಕರಣೆಗಳೂ ನೆಲದ ಮೇಲೆ ಎಳೆದಿರುವ ಗಡಿಗೆರೆಯ ಆಚೆಗಿರಬೇಕು, ಪ್ರಯಾಣಿಕರು ವಿಮಾನಕ್ಕೆ ಹತ್ತಿಳಿಯುವ ಏರೋಬ್ರಿಡ್ಜ್ ಪೂರ್ತಿ ಹಿಂದಕ್ಕೆ ಸರಿದಿರಬೇಕು. ಸ್ವಯಂಚಾಲಿತ ಮಾರ್ಗದರ್ಶಿ ಫಲಕವಿದ್ದಲ್ಲಿ, ಅದು ತೋರಿಸುವ ಮಾದರಿಯೂ ಬರುತ್ತಿರುವ ವಿಮಾನದ ಮಾದರಿಯೂ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು. ಒಂದೊಂದು ಮಾದರಿ ನಿಲ್ಲುವ ಜಾಗ ಒಂದೊಂದಾದ್ದರಿಂದ ಇಲ್ಲಿ ತಪ್ಪಿದರೆ ವಿಮಾನ ಏರೋಬ್ರಿಡ್ಜಿಗೆ ತಗಲುವ ಸಾಧ್ಯತೆಯಿದೆ.

ವಿಮಾನ ಒಳಬರುವಾಗ, ಕೈಯಲ್ಲಿ ದಂಡ ಹಿಡಿದು ಸಂಜ್ಞೆಯಿಂದ ದಾರಿ ತೋರಿಸುವ ಮಾರ್ಷಲರ್ ಪೈಲಟ್‌ಗೆ ಸ್ಪಷ್ಟವಾಗಿ ಕಾಣುವಲ್ಲಿ ನಿಂತಿರಬೇಕು. ರೆಕ್ಕೆಗಳ ಹೊಣೆ ಎರಡೂ ಬದಿಯಲ್ಲಿ ರೆಕ್ಕೆಯ ತುದಿಯನ್ನು ಗಮನಿಸುತ್ತ ನಡೆಯುವ ವಿಂಗ್ ವಾಕರ್‌ಗಳದ್ದು. ಅನೇಕ ವಿಮಾನಗಳಲ್ಲಿ ಪೈಲಟ್‌ಗೆ ತನ್ನ ರೆಕ್ಕೆಯ ತುದಿ ಕಾಣುವುದೇ ಇಲ್ಲ. ಅದೂ ಅಲ್ಲದೆ, ಹಿಂದಕ್ಕೆ ಬಾಗಿದ ರೆಕ್ಕೆಯುಳ್ಳ ವಿಮಾನ ತಿರುಗುವಾಗ ರೆಕ್ಕೆಯ ತುದಿ ನೋಡುಗರ ಅಂದಾಜಿಗಿಂತ ಹೊರಗೆ ಚಾಚಿಕೊಳ್ಳುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಎ320, ಬೋಯಿಂಗ್ 737 ವರ್ಗದ ವಿಮಾನಕ್ಕೆ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕದ ವಸ್ತುಗಳಿಂದ 4.5 ಮೀಟರ್, ದೊಡ್ಡ ವಿಮಾನಗಳಿಗೆ 7.5 ಮೀಟರ್ ಅಂತರವಿರಬೇಕು. ಗೆರೆಯೊಳಗೆ ಅಡ್ಡಾದಿಡ್ಡಿಯಾಗಿ ಬಿಟ್ಟ ಒಂದೇ ಒಂದು ಟ್ರಾಲಿ ಈ ಅಂತರವನ್ನು ನುಂಗಿಹಾಕಬಲ್ಲದು. ವಿಂಗ್ ವಾಕರ್ ಮಾರ್ಷಲರ್‌ನ ಕಣ್ಣಿನಿಂದ ಮರೆಯಾದರೆ ಅಥವಾ ಅಂತರದ ಬಗ್ಗೆ ಸಂಶಯ ಬಂದರೆ ವಿಮಾನವನ್ನು ನಿಲ್ಲಿಸಲೇಬೇಕು. ತುರ್ತು ನಿಲುಗಡೆಯ ಸಂಜ್ಞೆ ಸರಳವಾದದ್ದು: ಎರಡೂ ಕೈಗಳನ್ನು ಥಟ್ಟನೆ ತಲೆಯ ಮೇಲಕ್ಕೆತ್ತಿ ದಂಡಗಳನ್ನು ಅಡ್ಡಹಾಯಿಸಿ ಹಿಡಿಯುವುದು. ಇದನ್ನು ತೋರಿಸಲು ಹಿರಿಯರ ಅಪ್ಪಣೆಗೆ ಕಾಯಬೇಕಾಗಿಲ್ಲ ಎಂಬುದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಬೇಕು.

ಕೆಲವೊಮ್ಮೆ ವಿಮಾನ ನಿಲುಗಡೆ ಗೆರೆಗಿಂತ ಹಿಂದೆಯೇ ನಿಂತುಬಿಡುತ್ತದೆ. ಆಗ 'ಇನ್ನೊಂದು ಸ್ವಲ್ಪ ಮುಂದೆ' ಎಂದು ಕೈಬೀಸುವುದು ಸುಲಭವಾಗಿ ತೋರಿದರೂ, ನಿಂತ ವಿಮಾನ ಮತ್ತೆ ಕದಲಬೇಕಾದರೆ ಎಂಜಿನ್ನಿನ ಶಕ್ತಿಯನ್ನು ಗಣನೀಯವಾಗಿ ಹೆಚ್ಚಿಸಬೇಕಾಗುತ್ತದೆ ಮತ್ತು ಆ ಗಾಳಿಯ ರಭಸಕ್ಕೆ ಹಿಂದಿರುವ ಖಾಲಿ ಕಂಟೇನರ್‌ಗಳೂ ಮನುಷ್ಯರೂ ಉರುಳಿಬೀಳಬಹುದು. ಹಿಂಬದಿ ತೆರವಾಗಿದೆ ಎಂಬ ಖಾತರಿ ಇಲ್ಲದಿದ್ದಲ್ಲಿ ಟಗ್, ಅಂದರೆ ವಿಮಾನ ಎಳೆಯುವ ವಾಹನ, ತರಿಸಿ ಎಳೆಸುವುದೇ ಸರಿ. ಹತ್ತು ನಿಮಿಷ ತಡವಾದರೆ ಆಗಲಿ.

ವಿಮಾನ ನಿಂತಿದೆ ಎಂದ ಮಾತ್ರಕ್ಕೆ ಹತ್ತಿರ ಹೋಗಬಹುದೆಂದು ಅರ್ಥವಲ್ಲ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಗಳಿಗೆ ಇದೇ. ವಿಮಾನದ ಬೆನ್ನಿನ ಮೇಲೆ ಮತ್ತು ಹೊಟ್ಟೆಯ ಕೆಳಗೆ ಮಿನುಗುವ ಕೆಂಪು ದೀಪ, ಅಂದರೆ ಬೀಕನ್, ಆರುವವರೆಗೆ ಎಂಜಿನ್ ಚಾಲೂ ಇದೆ ಎಂದೇ ಭಾವಿಸಬೇಕು. ಸುತ್ತಲಿನ ಗದ್ದಲದ ನಡುವೆ, ಅದರಲ್ಲೂ ಕಿವಿರಕ್ಷಕ ಧರಿಸಿರುವಾಗ, ಯಾವ ಎಂಜಿನ್ನಿನ ಸದ್ದು ಯಾವುದು ಎಂದು ತಿಳಿಯುವುದಿಲ್ಲ. ಆದ್ದರಿಂದ ಕಿವಿಯನ್ನು ನಂಬದೆ ದೀಪವನ್ನು ನೋಡಬೇಕು. ದೀಪ ಆರಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಅದು ನಿಧಾನಗೊಳ್ಳುವವರೆಗೆ ಕಾಯಬೇಕು. 2022ರ ಡಿಸೆಂಬರ್ 31ರಂದು ಅಮೆರಿಕದ ಮಾಂಟ್‌ಗೊಮರಿ ವಿಮಾನನಿಲ್ದಾಣದಲ್ಲಿ ಗೇಟಿಗೆ ಬಂದು ನಿಂತಿದ್ದ ಎಂಬ್ರೇಯರ್ 175 ವಿಮಾನದ ಎಂಜಿನ್ ನೆಲದ ಸಿಬ್ಬಂದಿಯೊಬ್ಬರನ್ನು ಸೆಳೆದುಕೊಂಡು ಅವರು ಮೃತಪಟ್ಟರು. ಎಂಜಿನ್ ಆರಿಸಿದಾಗ ವಿಮಾನಕ್ಕೆ ವಿದ್ಯುತ್ ಕೊಡುವ ಸಹಾಯಕ ವಿದ್ಯುತ್ ಘಟಕ, ಅಂದರೆ ಎಪಿಯು, ಆ ವಿಮಾನದಲ್ಲಿ ಕೆಟ್ಟಿದ್ದರಿಂದ ನಿಂತ ಮೇಲೂ ಎಂಜಿನ್ ಓಡುತ್ತಿತ್ತು. ಎಪಿಯು ಕೆಟ್ಟ ವಿಮಾನ ಬರಲಿದೆ ಎಂದು ಮೊದಲೇ ತಿಳಿದರೆ ಯಾರು ನೆಲದ ವಿದ್ಯುತ್ತಿನ ಕೇಬಲ್ ಜೋಡಿಸಬೇಕು, ಯಾವ ದಾರಿಯಿಂದ ಹೋಗಬೇಕು, ಉಳಿದವರು ಎಲ್ಲಿ ನಿಂತಿರಬೇಕು ಎಂಬುದನ್ನು ಹೆಸರು ಹಿಡಿದು ನಿಗದಿಪಡಿಸಬೇಕು.

ಆನಂತರ ಚಾಕ್, ಅಂದರೆ ಚಕ್ರ ಉರುಳದಂತೆ ತಡೆಯುವ ಅಡ್ಡೆ, ಇಡುವ ಕೆಲಸ. ಇಳಿದು ಬಂದ ವಿಮಾನದ ಬ್ರೇಕ್‌ಗಳು ಕೆಂಡದಂತೆ ಕಾದಿರಬಹುದಾದ್ದರಿಂದ ಚಕ್ರದ ಬಳಿಗೆ ಮುಂದಿನಿಂದ ಅಥವಾ ಹಿಂದಿನಿಂದ ಹೋಗಬೇಕೇ ಹೊರತು ಪಕ್ಕದಿಂದ ಅಲ್ಲ. ಟೈರ್ ಸಿಡಿದರೆ ಚೂರುಗಳು ಹೆಚ್ಚಾಗಿ ಪಕ್ಕಕ್ಕೇ ಚಿಮ್ಮುತ್ತವೆ. ಚಾಕ್ ಅನ್ನು ಟೈರಿಗೆ ಜಡಿದು ಕೂರಿಸಬಾರದು, ಇಂಧನ ತುಂಬಿ ತೂಕ ಹೆಚ್ಚಿದಾಗ ಟೈರ್ ಚಪ್ಪಟೆಯಾಗಿ ಅದು ಸಿಕ್ಕಿಕೊಳ್ಳುತ್ತದೆ. ಚಾಕ್ ಇಟ್ಟ ಸಂಜ್ಞೆಯನ್ನು ತೋರಿಸಿ ಪೈಲಟ್ ಒಪ್ಪಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮುಂದುವರಿಯಬೇಕು. ಬಳಿಕ ರೆಕ್ಕೆಯ ತುದಿ ಹಾಗೂ ಎಂಜಿನ್‌ಗಳ ಬಳಿ ಕೋನ್‌ಗಳನ್ನು ಇಡಬೇಕು.

ಏರೋಬ್ರಿಡ್ಜ್ ಅಥವಾ ಸಾಮಾನು ಏರಿಸುವ ಲೋಡರ್ ತಾಗಿಸುವ ಮುನ್ನ ವಿಮಾನದ ಸುತ್ತ ಒಂದು ಸುತ್ತು ನಡೆದು ಹಳೆಯ ತರಚು, ತಗ್ಗುಗಳನ್ನು ಗುರುತಿಸಿಕೊಳ್ಳಬೇಕು. ವಾಹನಗಳು ದೂರದಲ್ಲಿಯೇ ಒಮ್ಮೆ ನಿಂತು ಬ್ರೇಕ್ ಪರೀಕ್ಷಿಸಿ, ನಡಿಗೆಯ ವೇಗದಲ್ಲಿ ಹತ್ತಿರ ಬರಬೇಕು. ಎಷ್ಟೇ ಮೆಲ್ಲಗೆ ತಾಗಿದರೂ ತಕ್ಷಣ ವರದಿ ಮಾಡಬೇಕು: ಇಂಗಾಲದ ನಾರಿನ ಸಂಯುಕ್ತದಿಂದ ಮಾಡಿದ ಹೊಸ ವಿಮಾನಗಳ ಮೈಯಲ್ಲಿ ಹೊರಗೆ ಏನೂ ಕಾಣದಿದ್ದರೂ ಒಳಪದರ ಬಿರುಕು ಬಿಟ್ಟಿರಬಹುದು, ಅದನ್ನು ತಂತ್ರಜ್ಞರು ಉಪಕರಣದಿಂದಲೇ ಪತ್ತೆಹಚ್ಚಬೇಕು. ಹೀಗೆ ಮುಂದೆ ಬಂದು ಹೇಳಿದವರನ್ನು ಗದರಿಸುವ ಮೇಲ್ವಿಚಾರಕರಿದ್ದರೆ ಮುಂದಿನ ಬಾರಿ ಯಾರೂ ಹೇಳುವುದಿಲ್ಲ, ಮತ್ತು ಆ ಬಿರುಕು ಪ್ರಯಾಣಿಕರೊಂದಿಗೆ ಮೇಲೇರುತ್ತದೆ.