ಕಿಂಗ್‌ಗೆ 410ರ ಟ್ರಾನ್ಸ್‌ಫರ್ ಕೇಸ್ ಕೂರಿಸಿದ್ದು: ನನ್ನ ಅನುಭವ

ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್. 1298 ಸಿಸಿ, ಕಾರ್ಬುರೇಟರ್, ಐದು ಗೇರ್. ಅದಕ್ಕೆ ಹಳೇ 410 ಮಾದರಿಯ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಹೈ ಮತ್ತು ಲೋ ಎಂಬ ಎರಡು ಗೇರ್ ಇರುವ ಪೆಟ್ಟಿಗೆ) ಕೂರಿಸಿದ ಕಥೆ ಇದು. ಸಕಲೇಶಪುರದ ಕಡೆ ನಮ್ಮ ತೋಟ. ಕಣದಿಂದ ಕೆಳಗಿನ ಕಾಫಿಗೆ ಇಳಿಯುವ ದಾರಿಯಲ್ಲಿ ಒಂದು ಹಳ್ಳ ಇದೆ, ಅದನ್ನು ದಾಟಿದ ತಕ್ಷಣ ಜೇಡಿಮಣ್ಣಿನ ಏರು. ಮಳೆಗಾಲದಲ್ಲಿ ಅಲ್ಲಿ ಟ್ರ್ಯಾಕ್ಟರ್ ಕೂಡ ಜಾರುತ್ತದೆ, ಜಿಪ್ಸಿ ಹತ್ತುತ್ತದೆ.

ಎಲ್ಲ ಶುರುವಾಗಿದ್ದು ಟೈರ್‌ನಿಂದ. ಕಂಪನಿ ಅಳತೆ 205/70 ಆರ್15. ನಾನು 235/75 ಆರ್15 ಹಾಕಿದೆ. ಟೈರ್ ಎತ್ತರ 668 ಮಿಲಿಮೀಟರ್ ಇದ್ದದ್ದು 733 ಆಯಿತು, ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ ಗೇರ್ ಗುಂಡು) ಕೆಳಗೆ ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ಸಿಕ್ಕಿತು. ಕಲ್ಲಿಗೆ ಹೊಡೆಯುವುದು ನಿಂತಿತು, ಖುಷಿಯಾಯಿತು. ಆದರೆ ಟೈರ್ ಸುಮಾರು ಶೇಕಡಾ 10 ಎತ್ತರವಾದರೆ ಗಾಡಿಯ ಎಲ್ಲ ಗೇರ್‌ಗಳೂ ಅಷ್ಟೇ ಉದ್ದವಾಗುತ್ತವೆ, ಅಂದರೆ ಎಂಜಿನ್‌ನ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಎಳೆತ ಅಷ್ಟೇ ಕಡಿಮೆಯಾಗುತ್ತದೆ. ಅದನ್ನು ನಾನು ಮೊದಲು ಯೋಚಿಸಿರಲಿಲ್ಲ. ಗಾಡಿಯ ಹಿಂಭಾಗದಲ್ಲಿ ಎಂಟು ಮೂಟೆ ಹಾಕಿಕೊಂಡು 4ಎಲ್‌ನಲ್ಲಿ (ನಾಲ್ಕೂ ಚಕ್ರ ಎಳೆಯುವ ಲೋ ಗೇರ್) ಒಂದನೇ ಗೇರ್ ಹಾಕಿದರೂ ಆ ಏರಿನಲ್ಲಿ ಎಂಜಿನ್ ಉಸಿರು ಕಟ್ಟುತ್ತಿತ್ತು, ಕ್ಲಚ್ ಅರ್ಧ ಒತ್ತಿಕೊಂಡೇ ಹತ್ತಿಸಬೇಕಿತ್ತು. ಒಂದೇ ಸೀಸನ್‌ನಲ್ಲಿ ಕ್ಲಚ್ ಪ್ಲೇಟ್ ಹೋಯಿತು.

ಕೇಳಿದವರೆಲ್ಲ ಎಂಜಿನ್ ಬದಲಾಯಿಸು ಅಂದರು. ಒಬ್ಬರು ಎಸ್ಟೀಮ್ ಕಾರಿನ ಎಂಜಿನ್, ಇನ್ನೊಬ್ಬರು ಡೀಸೆಲ್. ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಮೌಂಟ್, ಮ್ಯಾನಿಫೋಲ್ಡ್, ನೀರಿನ ಪೈಪ್ ಎಲ್ಲ ಬೇರೆ. ಅದಕ್ಕಿಂತ ಹೆಚ್ಚಾಗಿ, ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಬದಲಾಗುತ್ತದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಹಾಗಾಗಿ ಎಂಜಿನ್, ಚಾಸಿ ಎರಡನ್ನೂ ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಬಿಚ್ಚಿದ ಒಂದೊಂದು ಭಾಗವನ್ನೂ ಎಣ್ಣೆ ಹಚ್ಚಿ ಗೋಡೌನ್‌ನಲ್ಲಿ ಇಟ್ಟಿದ್ದೇನೆ, ಬೇಕೆಂದರೆ ವಾಪಸ್ ಹಾಕಬಹುದು.

ದಾರಿ ತೋರಿಸಿದ್ದು ನಮ್ಮ ಹಳೇ ಮೇಸ್ತ್ರಿ. "ಸಾರ್, ಪವರ್ ಸಾಕಷ್ಟಿದೆ. ನಿಮಗೆ ಬೇಕಿರೋದು ನಿಧಾನಕ್ಕೆ ಹೋಗೋ ಗೇರ್. ಹಳೇ ಸಾವಿರ ಸಿಸಿ ಜಿಪ್ಸಿ ಕೇಸ್ ಸಿಕ್ಕಿದ್ರೆ ತನ್ನಿ" ಅಂದರು. ಲೆಕ್ಕ ಹಾಕಿ ನೋಡಿದೆ. ಈ ಅನುಪಾತದ ಸಂಖ್ಯೆ ದೊಡ್ಡದಾದಷ್ಟು ಗಾಡಿ ನಿಧಾನ, ಎಳೆತ ಜಾಸ್ತಿ. ನನ್ನಂಥ 1.3 ಲೀಟರ್ ಗಾಡಿಯ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಹೈ 1.409, ಲೋ 2.268. ಮೇಸ್ತ್ರಿ ಹೇಳಿದ ಸಾವಿರ ಸಿಸಿ, ಅಂದರೆ 970 ಸಿಸಿಯ 410ರಲ್ಲಿ ಹೈ 1.580, ಲೋ 2.511. ಅಂದರೆ ಹೈನಲ್ಲಿ ಶೇಕಡಾ 12, ಲೋನಲ್ಲಿ 11ರ ಹತ್ತಿರ ಎಳೆತ ಜಾಸ್ತಿ. ಟೈರ್ ಕಿತ್ತುಕೊಂಡಿದ್ದು ಪೂರ್ತಿ ವಾಪಸ್ ಬಂದು ಸ್ವಲ್ಪ ಮಿಗುತ್ತದೆ! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಮಧ್ಯೆ ಒಂದು ಗಿಡ್ಡ ಶಾಫ್ಟ್ ಇದೆ. ಅದಕ್ಕೇ ಈ ಕೆಲಸ ಸುಲಭ. ಕಷ್ಟ ಇದ್ದದ್ದು ಸರಿಯಾದ ಕೇಸ್ ಹುಡುಕುವುದರಲ್ಲಿ. ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ 410 ಅಂತಲೇ ಹೇಳಿ ಒಂದನ್ನು ಕೊಟ್ಟರು. ಊರಿಗೆ ತಂದು ಬಿಚ್ಚಿದಾಗ ಅದು ಕಿಂಗ್‌ನದ್ದೇ, ನನ್ನ ಗಾಡಿಯಲ್ಲಿ ಇರುವಂಥದ್ದೇ. ದುಡ್ಡು ವಾಪಸ್ ಬರಲಿಲ್ಲ. ದಯವಿಟ್ಟು ಅಂಗಡಿಯಲ್ಲೇ ಹೀಗೆ ಪರೀಕ್ಷೆ ಮಾಡಿ: ಲಿವರ್ ಲೋಗೆ ಹಾಕಿ, ಒಳಬರುವ ಮತ್ತು ಹೊರಹೋಗುವ ಫ್ಲಾಂಜ್‌ಗಳಿಗೆ (ಶಾಫ್ಟ್ ಜೋಡಿಸುವ ತೂತಿನ ತಟ್ಟೆಗಳು) ಸೀಮೆಸುಣ್ಣದಿಂದ ಗುರುತು ಮಾಡಿ, ಒಳಬರುವುದನ್ನು ಕೈಯಲ್ಲೇ ಹತ್ತು ಸುತ್ತು ತಿರುಗಿಸಿ. ಇನ್ನೊಂದು ಕಡೆ ಸರಿಯಾಗಿ ನಾಲ್ಕು ಸುತ್ತು ಬಂದರೆ 410. ನಾಲ್ಕೂವರೆಯ ಹತ್ತಿರ ಬಂದರೆ ಅದು 1.3ರದ್ದು, ಬಿಟ್ಟು ಬನ್ನಿ. ಎರಡನೇ ಸಲ ಸೀಮೆಸುಣ್ಣ ಜೇಬಲ್ಲಿಟ್ಟುಕೊಂಡೇ ಹೋದೆ.

ಬೇರಿಂಗ್, ಆಯಿಲ್ ಸೀಲ್ ಎಲ್ಲ ಹೊಸದು ಹಾಕಿಸಿದೆವು. ಹಳೆಯದನ್ನು ಹಾಗೇ ಏರಿಸಬೇಡಿ, ಮತ್ತೆ ಇಳಿಸುವ ಕೂಲಿ ಸುಮ್ನೆ ದಂಡ. ಶಾಫ್ಟ್ ಜೋಡಿಸುವಾಗ ಫ್ಲಾಂಜ್ ತೂತುಗಳು ಕೂಡಲಿಲ್ಲ, ಆಗ ನನ್ನ ಕಿಂಗ್ ಕೇಸ್‌ನ ಫ್ಲಾಂಜ್‌ಗಳನ್ನೇ ಬಿಚ್ಚಿ ಇದಕ್ಕೆ ಹಾಕಿದೆವು. ಮೂರು ರಬ್ಬರ್ ಮೌಂಟ್ ಕೂಡ ಹೊಸದು. ಎರಡು ದಿನದ ಕೆಲಸ.

ಅದೇ ಏರು, ಅದೇ ಎಂಟು ಮೂಟೆ. ಕ್ಲಚ್‌ನಿಂದ ಕಾಲು ಪೂರ್ತಿ ತೆಗೆದು, ಆಕ್ಸಿಲರೇಟರ್ ಮೇಲೆ ಹೆಬ್ಬೆರಳು ಇಟ್ಟಷ್ಟು ಒತ್ತಿದರೆ ಸಾಕು, ಗಾಡಿ ತಾನಾಗಿ ನಡೆದುಕೊಂಡು ಹೋಯಿತು. ಇಳಿಯುವಾಗಲೂ ಬ್ರೇಕ್ ಮುಟ್ಟದೆ ಎಂಜಿನ್ ಹಿಡಿದುಕೊಳ್ಳುತ್ತದೆ. ನನಗಂತೂ ಕಣ್ಣು ತುಂಬಿ ಬಂತು.

ದೊಡ್ಡ ಟೈರ್ ಕೊಟ್ಟ ಇನ್ನೊಂದು ತೊಂದರೆ ಸ್ಟೀರಿಂಗ್. ಭುಜ ನೋವು ಬಂದು ಅಪ್ಪ ಗಾಡಿ ಓಡಿಸುವುದನ್ನೇ ಬಿಟ್ಟಿದ್ದರು. ಅದಕ್ಕೆ ವ್ಯಾಗನ್ ಆರ್‌ನ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕಾಲಮ್ ತಂದೆ, ಮೋಟರ್ ಕಾಲಮ್ ಮೇಲೇ ಇರುತ್ತದೆ, ಕೆಳಗಿನ ಸ್ಟೀರಿಂಗ್ ಬಾಕ್ಸ್ ಮುಟ್ಟಬೇಕಿಲ್ಲ. ಎರಡು ಶಾಫ್ಟ್‌ಗಳ ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲು) ಬೇರೆ ಬೇರೆ. ಇಲ್ಲಿ ಯಾರೇ ಹೇಳಿದರೂ ಸುಮ್ಮನೆ ವೆಲ್ಡಿಂಗ್ ಹೊಡೆಸಬೇಡಿ. ಸ್ಟೀರಿಂಗ್ ಶಾಫ್ಟ್ ಮುರಿದರೆ ಪ್ರಾಣ ಹೋಗುತ್ತದೆ. ನಾನು ಹಾಸನದಲ್ಲಿ ಲೇತ್‌ನವರ ಹತ್ತಿರ ಎರಡೂ ಕಡೆ ಸ್ಪ್ಲೈನ್ ಕೊರೆದ ಕಪ್ಲಿಂಗ್ ಮಾಡಿಸಿ, ಅಡ್ಡ ಬೋಲ್ಟ್ ಹಾಕಿಸಿದೆ. ಕರೆಂಟ್ ಜಾಸ್ತಿ ಎಳೆಯುವುದರಿಂದ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಅದಕ್ಕೊಂದು ಫ್ಯೂಸ್. ಮೊದಮೊದಲು 60ರ ವೇಗದಲ್ಲೂ ಸ್ಟೀರಿಂಗ್ ತೀರಾ ಹಗುರವಾಗಿ ಭಯವಾಗುತ್ತಿತ್ತು. ಗಾಡಿ ಎಷ್ಟು ವೇಗದಲ್ಲಿದೆ ಅಂತ ಅದಕ್ಕೆ ಗೊತ್ತಾಗಬೇಕಲ್ವಾ, ನನ್ನದು ಬರೀ ಕೇಬಲ್ ಮೀಟರ್. ಸ್ಪೀಡೋಮೀಟರ್ ಕೇಬಲ್ ಮಧ್ಯೆ ಒಂದು ಸೆನ್ಸರ್ ಕೂರಿಸಿದ ಮೇಲೆ ಸರಿಹೋಯಿತು.

ಹಳ್ಳ ದಾಟುವಾಗ ಎಂಜಿನ್ ಫ್ಯಾನ್ ನೀರೆರಚಿ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗುತ್ತಿತ್ತು. ಹಳೇ ಜೆನ್ ಕಾರಿನ ಎಲೆಕ್ಟ್ರಿಕ್ ಫ್ಯಾನ್ ಹಾಕಿ ಡ್ಯಾಶ್‌ಬೋರ್ಡ್‌ನಲ್ಲಿ ಸ್ವಿಚ್ ಇಟ್ಟಿದ್ದೇನೆ. ನೀರಿಗಿಳಿಯುವ ಮುಂಚೆ ಆಫ್, ದಾಟಿದ ಕೂಡಲೇ ಆನ್.

ಮೀಟರ್ 40 ತೋರಿಸಿದರೆ ನಿಜವಾದ ವೇಗ 44, ಅದು ಟೈರ್‌ನಿಂದ. ಭಾರದ ಟೈರ್‌ಗೆ ಬ್ರೇಕ್ ಸಾಲುತ್ತಿಲ್ಲ ಅನ್ನಿಸುತ್ತಿದೆ, ಈ ಕೊಯ್ಲು ಮುಗಿದ ಮೇಲೆ ಅದನ್ನು ಕೈಗೆತ್ತಿಕೊಳ್ಳುತ್ತೇನೆ. ಅಲ್ಲಿಯವರೆಗೆ ಘಾಟಿ ರಸ್ತೆಗೆ ಈ ಗಾಡಿ ಇಳಿಸುವುದಿಲ್ಲ. ಅಪ್ಪ ಈಗ ಬೆಳಿಗ್ಗೆ ತಾವೇ ಕೀ ತೆಗೆದುಕೊಂಡು ತೋಟಕ್ಕೆ ಹೊರಡುತ್ತಾರೆ.